ನಮೂನೆ 1ರಲ್ಲಿ ಹೆಸರಿಲ್ಲದ ಕಾಯಿಲೆ

ಕಳೆದ ದೀಪಾವಳಿಗೆ ಸರಗೂರಿಗೆ ಹೋಗಿದ್ದಾಗ ಸೋದರಮಾವ ಒಂದು ಪ್ಲಾಸ್ಟಿಕ್ ಫೈಲು ತಂದು ನನ್ನ ಮುಂದಿಟ್ಟರು. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯನ ಕಾಗದಪತ್ರಗಳೆಲ್ಲ ಅದರೊಳಗಿದ್ದವು. ಹಳೆಯ ಕಾಲದ ಪುಸ್ತಕದಂಥ ಡಿ.ಎಲ್., ಇನ್ಶೂರೆನ್ಸಿನ ಕಾಗದ, ಎಫ್.ಸಿ. ಮಾಡಿಸಿದ ರಸೀದಿ, ಇವುಗಳ ನಡುವೆ ಚಿಕ್ಕದೇವಮ್ಮನ ಬೆಟ್ಟದಿಂದ ತಂದ ಕುಂಕುಮದ ಪೊಟ್ಟಣ.

"ಲೈಸೆನ್ಸು ಮುಗೀತಾ ಬಂತು ಕನ ಮಗ. ಹೋದ್ಸಲ ನೀನೇ ತುಂಬ್ಕೊಟ್ಟಿದ್ದೆ. ಈ ಸಲಾನೂ ಹಂಗೇ ತುಂಬ್ಬುಡು" ಅಂದರು.

ಹೋದ ಸಲದ ಅರ್ಜಿಯ ಜೆರಾಕ್ಸ್ ಫೈಲಿನಲ್ಲೇ ಇತ್ತು. 2021ರದ್ದು. ಆಗ ನಾನು ಎಂ.ಎ. ಓದುತ್ತಿದ್ದೆ. ಲಾಕ್‌ಡೌನಿನಿಂದಾಗಿ ಊರಿನಲ್ಲೇ ಇದ್ದವಳು ಜಗುಲಿಯ ಮೇಲೆ ಕೂತು ಅದನ್ನು ತುಂಬಿದ್ದು ಮಸುಕಾಗಿ ನೆನಪಿದೆ. ಕಾಯಿಲೆ ಇದೆಯೇ ಎಂದು ಕೇಳುವ ಕಡೆಯಲ್ಲೆಲ್ಲ 'ಇಲ್ಲ', ಕಣ್ಣು ಕಾಣುತ್ತದೆಯೇ ಎಂದು ಕೇಳುವ ಕಡೆಯಲ್ಲೆಲ್ಲ 'ಹೌದು'. ದುಂಡಗಿನ, ಅವಸರದ ಅಕ್ಷರ. ಕೆಳಗೆ ಮಾವನ ಸಹಿ. ಆ ಹೊತ್ತಿಗೆ ಮಾವನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಅದು ನನಗೂ ಗೊತ್ತಿತ್ತು.

ನಾನೀಗ ಮೈಸೂರು ಸೀಮೆಯ ರಸ್ತೆ ಸಾರಿಗೆಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ದಾಖಲೆಯನ್ನು ಇದ್ದದ್ದು ಇದ್ದಂತೆ ನಂಬಬಾರದು, ಬರೆದವರು ಯಾರು, ಯಾಕೆ ಬರೆದರು, ಏನನ್ನು ಬಿಟ್ಟರು ಎಂದು ಕೇಳಬೇಕು ಎನ್ನುವುದು ನಮಗೆ ಮೊದಲ ದಿನ ಹೇಳಿಕೊಡುವ ಪಾಠ. ಅನುಮಾನಿಸಬೇಕಾದ ದಾಖಲೆಯೊಂದು ನನ್ನದೇ ಅಕ್ಷರದಲ್ಲಿ ಸಿಗುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ. ಈ ಬರಹ ಆ ಒಂದು ಹಾಳೆಯ ಬೆನ್ನು ಹತ್ತಿ ಹೋದದ್ದರ ಫಲ.

*

ಲೈಸೆನ್ಸಿಗೆ ಅರ್ಜಿ ಹಾಕುವವರು ತುಂಬಿಕೊಡುವ ಈ ಹಾಳೆಯ ಹೆಸರು ನಮೂನೆ 1. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಜೊತೆಗೆ ಬಂದದ್ದು. ಅರ್ಜಿದಾರ ತನ್ನ ದೇಹದ ಬಗ್ಗೆ ತಾನೇ ಕೊಡುವ ಹೇಳಿಕೆ. ಮೂರ್ಛೆರೋಗವಿದೆಯೇ, ಅಥವಾ ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆ ಸುತ್ತುವುದು ಉಂಟೇ? ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ? ಕೆಂಪು ಹಸಿರು ಬೇರೆ ಬೇರೆಯಾಗಿ ಗೊತ್ತಾಗುತ್ತದೆಯೇ (ಇದು 2020ರವರೆಗೆ ಇದ್ದ ಪ್ರಶ್ನೆ)? ಇರುಳುಗುರುಡು ಇದೆಯೇ? ಹಾರನ್ ಕೇಳದಷ್ಟು ಕಿವುಡೇ? ಕೊನೆಗೆ, ನೀವು ವಾಹನ ಓಡಿಸಿದರೆ ಜನರಿಗೆ ಅಪಾಯವಾಗುವಂಥ ಬೇರೆ ಯಾವುದಾದರೂ ಕಾಯಿಲೆ ಇದೆಯೇ, ಇದ್ದರೆ ವಿವರ ಕೊಡಿ.

ಲಾರಿ, ಬಸ್ಸಿನಂಥ ಸಾರಿಗೆ ವಾಹನ ಓಡಿಸುವವರು ಇದರ ಜೊತೆಗೆ ನಮೂನೆ 1ಎ ಅನ್ನೂ ಕೊಡಬೇಕು. ಅದು ವೈದ್ಯರ ಸರ್ಟಿಫಿಕೇಟು. ಕಣ್ಣು, ಕಿವಿ, ಕೈಕಾಲು, ಕೀಲುಗಳ ಕಡೆಗೆ ವೈದ್ಯರು ಗಮನ ಕೊಟ್ಟು ನೋಡಿ ಸಹಿ ಹಾಕಬೇಕು. ಅದರಲ್ಲಿ ರಕ್ತದ ಮಾತೂ ಒಂದು ಕಡೆ ಬರುತ್ತದೆ. ಅರ್ಜಿದಾರ ಬಯಸಿದರೆ ತನ್ನ ರಕ್ತದ ಗುಂಪನ್ನು ನಮೂದಿಸಬಹುದು. ಅಪಘಾತವಾದರೆ ಬೇಕಾಗುತ್ತದಲ್ಲ! ಆದರೆ ಆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬ ಪ್ರಶ್ನೆ ಎಲ್ಲೂ ಇಲ್ಲ. ಮಧುಮೇಹ ಎಂಬ ಪದವೇ ಎರಡೂ ಹಾಳೆಯಲ್ಲಿಲ್ಲ.

ಮಾವನ ನಮೂನೆ 1ಎ ಗೆ ಸಹಿ ಹಾಕಿದ ಡಾಕ್ಟರು ಯಾರೆಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. ನೆನಪಿರುವುದಕ್ಕೆ ಡಾಕ್ಟರನ್ನು ನೋಡಿಯೇ ಇರಲಿಲ್ಲ. ಬ್ರೋಕರು ನಾಲ್ಕೈದು ಜನರ ಹಾಳೆಗಳನ್ನು ಒಟ್ಟಿಗೆ ಒಯ್ದು ಸಹಿ ಮಾಡಿಸಿಕೊಂಡು ಬಂದಿದ್ದನಂತೆ.

*

ಈ ಪ್ರಶ್ನೆಗಳು 1989ರಲ್ಲಿ ಹುಟ್ಟಿದವಲ್ಲ. ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆಗೆ ಎರಡನೆಯ ಅನುಸೂಚಿ ಅಂತ ಒಂದಿತ್ತು. ಯಾವ ಕಾಯಿಲೆ ಇದ್ದವರಿಗೆ ಲೈಸೆನ್ಸು ಕೊಡಲೇಬಾರದು ಎಂಬ ಪಟ್ಟಿ ಅದು. ಮೂರ್ಛೆರೋಗ, ಬುದ್ಧಿಭ್ರಮಣೆ, ತಲೆಸುತ್ತು ತರುವಂಥ ಹೃದ್ರೋಗ, 25 ಗಜ ದೂರದ ಅಕ್ಷರ ಕಾಣದ ಕಣ್ಣು, ಹಾರನ್ ಕೇಳದ ಕಿವಿ, ಕೆಂಪು ಹಸಿರು ತಿಳಿಯದಿರುವುದು, ಇರುಳುಗುರುಡು. ಇಂಗ್ಲೆಂಡಿನಲ್ಲಿ 1930ರಲ್ಲಿ ಬಂದ ರಸ್ತೆ ಸಂಚಾರ ಕಾಯ್ದೆಯೂ ಚಾಲಕನಿಂದ ಇಂಥದ್ದೇ ಹೇಳಿಕೆ ಕೇಳುತ್ತಿತ್ತು. ಮೈಸೂರು ಸಂಸ್ಥಾನ ಭಾರತದೊಳಗೆ ಸೇರಿದ ಮೇಲೆ ನಮ್ಮ ಕಡೆಗೂ 1939ರ ಕಾನೂನೇ ಬಂತು. ಆಮೇಲೆ 25 ಗಜ ಹೋಗಿ 25 ಮೀಟರ್ ಆಯಿತು. ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾಗೇ ನಡೆದುಕೊಂಡು ಬಂದವು.

1939ರಲ್ಲಿ ಮಧುಮೇಹ ಹೊಸ ಕಾಯಿಲೆಯೇನಾಗಿರಲಿಲ್ಲ. ನಮ್ಮ ವೈದ್ಯಗ್ರಂಥಗಳಲ್ಲಿ ಚರಕ, ಸುಶ್ರುತರು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸುವಾಗ ಮಧುಮೇಹವೂ ಅದರಲ್ಲಿತ್ತು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆ ಕಾಲದವರೇ ಗಮನಿಸಿದ್ದರು. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಸಂಗಡಿಗರು ಇನ್ಸುಲಿನ್ ಬೇರ್ಪಡಿಸಿದ್ದು 1921ರಲ್ಲಿ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲ ಸಲ ಚುಚ್ಚಿದರು. 1923ರಲ್ಲಿ ನೊಬೆಲ್ ಕೂಡ ಬಂತು. ಇಷ್ಟಿದ್ದರೂ ಸಕ್ಕರೆ ಕಾಯಿಲೆ ಆ ಪಟ್ಟಿಯೊಳಕ್ಕೆ ಬರಲಿಲ್ಲ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಪಟ್ಟಿಯಲ್ಲಿದ್ದ ಕಾಯಿಲೆಗಳನ್ನು ಎದುರಿಗೆ ನಿಲ್ಲಿಸಿ ನೋಡಿದರೆ, ಇಲ್ಲವೇ ಮನೆಯವರನ್ನು ಒಂದು ಮಾತು ಕೇಳಿದರೆ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಹಾಗೆ ತಿಳಿಯುವುದಿಲ್ಲ. ಅದೂ ಅಲ್ಲದೆ ಅಂದಿನ ಅಧಿಕಾರಿಗಳ ಕಣ್ಣಿನಲ್ಲಿ ಅದು ಕೂತು ಉಣ್ಣುವವರ ಕಾಯಿಲೆ. ಲಾರಿ ಓಡಿಸುವವನೂ ಕೂತೇ ಕೆಲಸ ಮಾಡುತ್ತಾನೆ ಎಂಬುದು ಯಾರಿಗೂ ಹೊಳೆದಿರಲಿಕ್ಕಿಲ್ಲ.

*

ಇಲ್ಲಿ ಸ್ವಲ್ಪ ನಿಂತು, ಸಕ್ಕರೆ ಕಾಯಿಲೆಗೂ ಸ್ಟಿಯರಿಂಗಿಗೂ ಏನು ಸಂಬಂಧ ಎಂದು ಹೇಳಿಬಿಡುತ್ತೇನೆ. ಸಕ್ಕರೆ ಜಾಸ್ತಿಯಾದರೆ ಅಪಾಯ ಎಂದು ನಾವೆಲ್ಲ ತಿಳಿದಿರುತ್ತೇವೆ. ಅದು ನಿಜ. ವರ್ಷಗಟ್ಟಲೆ ಜಾಸ್ತಿ ಇದ್ದರೆ ಕಣ್ಣಿನ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಕೆಡುತ್ತವೆ, ಪಾದದ ಸ್ಪರ್ಶ ಮಂದವಾಗುತ್ತದೆ. ಬ್ರೇಕಿನ ಮೇಲೆ ಕಾಲು ಎಷ್ಟು ಊರಿದೆ ಎಂಬುದೇ ಗೊತ್ತಾಗದ ಹಾಗೆ ಆಗಬಹುದು. ಆದರೆ ಇದೆಲ್ಲ ನಿಧಾನಕ್ಕೆ ಆಗುವಂಥದ್ದು. ರಸ್ತೆಯ ಮೇಲೆ ಹತ್ತು ನಿಮಿಷದಲ್ಲಿ ಅನಾಹುತ ಮಾಡುವುದು ಸಕ್ಕರೆ ಕಡಿಮೆಯಾಗುವ ಸ್ಥಿತಿ. ಡ್ರೈವರುಗಳು ಅದನ್ನು 'ಲೋ ಆಗೋದು' ಅನ್ನುತ್ತಾರೆ.

ರಕ್ತದ ಒಂದು ಡೆಸಿಲೀಟರಿನಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಲೋ ಎಂದು ಲೆಕ್ಕ ಹಿಡಿಯುತ್ತಾರೆ. ಮೊದಲು ಬೆವರು, ಕೈ ನಡುಕ, ಹಸಿವು, ಎದೆ ಹೊಡೆದುಕೊಳ್ಳುವುದು. ಇನ್ನೂ ಇಳಿದರೆ ಮಿದುಳಿಗೆ ಇಂಧನ ಸಾಲದೆ ಬುದ್ಧಿ ಮಂಕಾಗುತ್ತದೆ. ಆಮೇಲೆ ಪ್ರಜ್ಞೆ ತಪ್ಪಬಹುದು. ಬುದ್ಧಿ ಮಂಕಾದವನಿಗೆ ತನ್ನ ಬುದ್ಧಿ ಮಂಕಾಗಿದೆ ಎಂದು ತಿಳಿಯುವುದಿಲ್ಲ. ಬಹಳ ವರ್ಷ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಮೊದಲಿನ ಬೆವರು, ನಡುಕದ ಎಚ್ಚರಿಕೆಯೂ ನಿಂತುಹೋಗುತ್ತದೆ.

ಇದು ಹೆಚ್ಚಾಗಿ ಚಿಕಿತ್ಸೆಯಿಂದ ಬರುವ ತೊಂದರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೂ ಇದರ ಭಯವಿದೆ. ಬರೀ ಮೆಟ್‌ಫಾರ್ಮಿನ್ ನುಂಗುವವರಿಗೆ ಅಪರೂಪ. ಆದ್ದರಿಂದ 'ನಿಮಗೆ ಶುಗರ್ ಇದೆಯಾ' ಎಂದು ಮಾತ್ರ ಕೇಳಿದರೆ ಏನೂ ತಿಳಿಯುವುದಿಲ್ಲ. ಯಾವ ಔಷಧಿ, ಯಾವ ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ಹಿಂದೆ ಎಂದಾದರೂ ಲೋ ಆಗಿತ್ತೇ ಎಂದು ಕೇಳಬೇಕು.

*

ಹೊರದೇಶಗಳಲ್ಲಿ ಇದಕ್ಕೊಂದು ದೊಡ್ಡ ಕತೆಯೇ ಇದೆ. ಅಮೆರಿಕ ಸರ್ಕಾರ 1970ರಲ್ಲಿ ಒಂದು ನಿಯಮ ಮಾಡಿ, ಇನ್ಸುಲಿನ್ ತೆಗೆದುಕೊಳ್ಳುವವರು ರಾಜ್ಯದಿಂದ ರಾಜ್ಯಕ್ಕೆ ಸರಕಿನ ಲಾರಿ ಓಡಿಸುವಂತಿಲ್ಲ ಎಂದಿತು. ಬ್ರಿಟನ್ 1991ರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ದೊಡ್ಡ ಲಾರಿ, ಬಸ್ಸಿನ ಹೊಸ ಲೈಸೆನ್ಸಿನ ಬಾಗಿಲು ಮುಚ್ಚಿತು. ಚಾಲಕನ ಸ್ಥಿತಿ ಹೇಗಿದೆ, ಎಷ್ಟು ಎಚ್ಚರದಿಂದಿದ್ದಾನೆ ಎಂಬ ವಿಚಾರಣೆ ಇಲ್ಲ. ಕಾಯಿಲೆಯ ಹೆಸರು, ಔಷಧಿಯ ಹೆಸರು ಸಾಕಿತ್ತು.

ಇಂದು ಓದುವಾಗ ಕ್ರೂರ ಅನ್ನಿಸುತ್ತದೆ. ಆದರೆ 1970ರ ಜಾಗದಲ್ಲಿ ನಿಂತು ನೋಡಿದರೆ ಅದಕ್ಕೂ ಅರ್ಥವಿತ್ತು. ಚಾಲಕ ತನ್ನ ರಕ್ತದ ಸಕ್ಕರೆಯನ್ನು ತಾನೇ ನೋಡಿಕೊಳ್ಳುವ ಸಾಧನ ಆಗ ಕೈಗೆ ಸಿಗುತ್ತಿರಲಿಲ್ಲ. ಬೆರಳ ತುದಿಯ ರಕ್ತದಿಂದ ಸಕ್ಕರೆ ಅಳೆಯುವ ಮೊದಲ ಯಂತ್ರ ಅದೇ ಹೊತ್ತಿಗೆ ಬಂತಾದರೂ ಅದು ಡಾಕ್ಟರ ಮೇಜಿನ ಮೇಲೆ ಇಡುವಂಥ ಭಾರದ, ದುಬಾರಿ ಯಂತ್ರ. ಮನೆಯಲ್ಲಿ ಮಾಡಿಕೊಳ್ಳಬಹುದಾಗಿದ್ದದ್ದು ಮೂತ್ರ ಪರೀಕ್ಷೆ. ಮೂತ್ರದಲ್ಲಿ ಸಕ್ಕರೆ ಜಾಸ್ತಿಯಾದದ್ದು ತಿಳಿಯುತ್ತದೆ, ಕಡಿಮೆಯಾದದ್ದು ತಿಳಿಯುವುದಿಲ್ಲ. ಡೀಸೆಲ್ ಮುಳ್ಳೇ ಇಲ್ಲದ ಗಾಡಿಯನ್ನು ಘಾಟಿಗೆ ಬಿಡುವುದಿಲ್ಲ ಎಂದ ಹಾಗೆ ಅದು.

ಆಮೇಲೆ ಅಂಗೈಯಲ್ಲಿ ಹಿಡಿಯುವ ಮೀಟರ್ ಬಂತು. ಕಾನೂನು ಮಾತ್ರ ಬೇಗ ಬದಲಾಗಲಿಲ್ಲ. ಬ್ರಿಟನ್ 2011ರ ನವೆಂಬರಿನಲ್ಲಿ ನಿಷೇಧ ತೆಗೆದು ಒಬ್ಬೊಬ್ಬರನ್ನೂ ಪರೀಕ್ಷಿಸಿ ಲೈಸೆನ್ಸು ಕೊಡಲು ಶುರುಮಾಡಿತು. ಅಮೆರಿಕ 2003ರಲ್ಲಿ ಅರ್ಜಿ ಹಾಕಿದವರಿಗೆ ವಿನಾಯಿತಿ ಕೊಡತೊಡಗಿ, 2018ರಲ್ಲಿ ಆ ನಿಯಮವನ್ನೇ ಬದಲಾಯಿಸಿತು. ಈಗ ಅಲ್ಲಿ ಚಿಕಿತ್ಸೆ ಮಾಡುವ ವೈದ್ಯರು ಒಂದು ನಮೂನೆ ತುಂಬಬೇಕು, ಚಾಲಕ ಹಿಂದಿನ ಮೂರು ತಿಂಗಳ ಸಕ್ಕರೆಯ ಲೆಕ್ಕ ತೋರಿಸಬೇಕು, ಪ್ರತಿ ವರ್ಷ ಹೊಸದಾಗಿ ಪರೀಕ್ಷೆಗೆ ಹೋಗಬೇಕು. ಗಂಭೀರವಾಗಿ ಲೋ ಆದರೆ, ಕಾರಣ ತಿಳಿದು ಸರಿಪಡಿಸುವ ತನಕ ಗಾಡಿ ಮುಟ್ಟುವಂತಿಲ್ಲ. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕ ಹೊರಡುವ ಮುನ್ನ ಎರಡು ಗಂಟೆಯೊಳಗೆ ಒಮ್ಮೆ, ದಾರಿಯಲ್ಲಿ ಎರಡು ಗಂಟೆಗೊಮ್ಮೆ ಸಕ್ಕರೆ ನೋಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಹೊರಡಬೇಕು. ಲೋ ಆದರೆ, ಸಕ್ಕರೆ ಮಾಮೂಲಿಗೆ ಬಂದ ಮೇಲೂ ಮುಕ್ಕಾಲು ಗಂಟೆ ಕಾಯಬೇಕು.

ಆ ದೇಶಗಳು ಮೊದಲು ಕಾಯಿಲೆಗೆ ಹೆಸರಿಟ್ಟು ಹೊರಗಿಟ್ಟವು, ಬಹಳ ವರ್ಷದ ಮೇಲೆ ಮನುಷ್ಯನನ್ನು ನೋಡಲು ಕಲಿತವು. ನಾವು ಕಾಯಿಲೆಯ ಹೆಸರನ್ನೇ ಎತ್ತಲಿಲ್ಲ. ಹಾಗಾಗಿ ನಮ್ಮಲ್ಲಿ ನಿಷೇಧವೂ ಬರಲಿಲ್ಲ, ಮನುಷ್ಯನನ್ನು ನೋಡುವ ಕ್ರಮವೂ ಬರಲಿಲ್ಲ.

*

ಮೊದಲಿಗೆ ನನಗೆ ಇದು ಒಳ್ಳೆಯದೇ ಆಯಿತು ಅನ್ನಿಸಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆ, ಅಂದರೆ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು. ಇಂಥ ದೇಶದಲ್ಲಿ ಅಮೆರಿಕದ ಹಳೆಯ ನಿಯಮ ಇದ್ದಿದ್ದರೆ ಎಷ್ಟು ಮನೆಯ ಒಲೆ ಆರುತ್ತಿತ್ತೋ. ಆದರೆ 1988ರ ಮೋಟಾರು ವಾಹನ ಕಾಯ್ದೆಯನ್ನು ಸಾಲುಸಾಲಾಗಿ ಓದುತ್ತಾ ಹೋದಂತೆ ನನ್ನ ನಿರಾಳ ಕರಗಿತು.

ಆ ಕಾಯ್ದೆಯ 8ನೇ ಸೆಕ್ಷನ್ನಿನಂತೆ, ಜನರಿಗೆ ಅಪಾಯ ತರುವ ಕಾಯಿಲೆ ಅರ್ಜಿಯಿಂದಲೋ ಸರ್ಟಿಫಿಕೇಟಿನಿಂದಲೋ ಕಂಡುಬಂದರೆ ಲೈಸೆನ್ಸು ನಿರಾಕರಿಸಬೇಕು. 16ನೇ ಸೆಕ್ಷನ್ನಿನಂತೆ ಕೊಟ್ಟ ಲೈಸೆನ್ಸನ್ನೂ ಕಾಯಿಲೆಯ ಕಾರಣಕ್ಕೆ ವಾಪಸ್ಸು ಪಡೆಯಬಹುದು. ಅಪಾಯ ತರುವ ಕಾಯಿಲೆ ಯಾವುದು, ಎಷ್ಟು ಇದ್ದರೆ ಅಪಾಯ, ಯಾರು ಅಳೆಯಬೇಕು ಎಂದು ಸಕ್ಕರೆ ಕಾಯಿಲೆಯ ಮಟ್ಟಿಗೆ ಆ ಸೆಕ್ಷನ್ನುಗಳಲ್ಲಿ ಒಂದು ಮಾತಿಲ್ಲ. 186ನೇ ಸೆಕ್ಷನ್ ಇನ್ನೂ ಮುಖ್ಯ. ತನಗೆ ಇಂಥ ಕಾಯಿಲೆ ಇದೆ ಎಂದು ತಿಳಿದೂ ಗಾಡಿ ಓಡಿಸಿದರೆ ಅದು ಅಪರಾಧ. ಮೊದಲ ಸಲಕ್ಕೆ 200 ರೂಪಾಯಿಯವರೆಗೆ ಇದ್ದ ದಂಡವನ್ನು 2019ರ ತಿದ್ದುಪಡಿ 1000 ರೂಪಾಯಿಗೆ ಏರಿಸಿತು.

ದಂಡದ ಮೊತ್ತ ದೊಡ್ಡದಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು 'ತಿಳಿದೂ' ಎಂಬ ಮಾತು. ರಕ್ತ ಪರೀಕ್ಷೆ ಮಾಡಿಸಿಕೊಂಡವನಿಗೆ ತಿಳಿದಿರುತ್ತದೆ, ಮಾಡಿಸಿಕೊಳ್ಳದವನಿಗೆ ತಿಳಿದಿರುವುದಿಲ್ಲ. ಲೆಕ್ಕ ಬರೆದಿಟ್ಟವನ ಕೈಯಲ್ಲಿ ಅವನದೇ ಅಕ್ಷರದ ಸಾಕ್ಷಿ ಇರುತ್ತದೆ, ಬರೆಯದವನ ಕೈ ಖಾಲಿ. ಕಾನೂನು ಮಾಡಿದವರು ಹೀಗೆ ಎಣಿಸಿರಲಿಕ್ಕಿಲ್ಲ. ಆದರೆ ಲಾರಿ ಸ್ಟ್ಯಾಂಡಿನಲ್ಲಿ ಅದು ಹೀಗೇ ತಲುಪಿದೆ. ಸಂಶೋಧನೆಯ ಕೆಲಸಕ್ಕೆಂದು ಕೋಟೆ, ಹುಣಸೂರಿನ ಡ್ರೈವರುಗಳ ಜೊತೆ ಮಾತಾಡುವಾಗ ಶುಗರಿನ ಮಾತು ಬಂದರೆ, ಬಹುಮಟ್ಟಿಗೆ ಎಲ್ಲರೂ ಒಂದೇ ಸಲಹೆ ಕೊಟ್ಟರು. "ಚೆಕ್ ಮಾಡುಸ್ಕೋಬೇಡ. ಚೀಟಿ ಕೊಟ್ಬುಡ್ತಾರೆ."

ಲೈಸೆನ್ಸಿನ ಅವಧಿಯೂ ಇದಕ್ಕೆ ಸೇರಿಕೊಂಡಿದೆ. ಸಾರಿಗೆ ವಾಹನದ ಲೈಸೆನ್ಸನ್ನು ಮೊದಲು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2019ರ ತಿದ್ದುಪಡಿ ಅದನ್ನು ಐದು ವರ್ಷ ಮಾಡಿತು. ಆಫೀಸಿಗೆ ಅಲೆಯುವುದು ಕಡಿಮೆಯಾಯಿತು ಎಂದು ಡ್ರೈವರುಗಳಿಗೆ ಸಮಾಧಾನ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲ ತೋರಿಸಿಕೊಳ್ಳಬೇಕು ಅನ್ನುತ್ತದೆ ವೈದ್ಯಶಾಸ್ತ್ರ. ಕಣ್ಣಿನ ಹಿಂಭಾಗ ಕೆಡತೊಡಗಿದ್ದರೂ 25 ಮೀಟರಿನ ನಂಬರ್ ಪ್ಲೇಟು ಬಹಳ ದಿನ ಸರಿಯಾಗಿಯೇ ಕಾಣುತ್ತಿರುತ್ತದೆ.

*

ಮಾವನಿಗೆ ಲೋ ಆದದ್ದು ಕಳೆದ ವರ್ಷದ ಮಳೆಗಾಲದಲ್ಲಿ. ಮಾತ್ರೆಯಲ್ಲಿ ಹತೋಟಿಗೆ ಬಾರದೆ ಇನ್ಸುಲಿನ್ ಶುರುವಾಗಿ ಎರಡು ತಿಂಗಳಾಗಿತ್ತು. ಮೈಸೂರಿನಿಂದ ತರಕಾರಿ ತುಂಬಿಕೊಂಡು ಕೋಟೆ, ಅಂತರಸಂತೆ, ಬಾವಲಿ ದಾರಿಯಲ್ಲಿ ಮಾನಂದವಾಡಿಗೆ ಹೋಗಬೇಕು. ಆ ರಸ್ತೆ ನಾಗರಹೊಳೆ ಕಾಡಿನೊಳಗೆ ಹೋಗುತ್ತದೆ. ಪ್ರಾಣಿಗಳು ಓಡಾಡುವ ಹೊತ್ತೆಂದು ರಾತ್ರಿ ಗೇಟು ಹಾಕುತ್ತಾರೆ. ಗೇಟು ಹಾಕುವುದರೊಳಗೆ ದಾಟದಿದ್ದರೆ ಬೆಳಗಿನ ತನಕ ಅಲ್ಲೇ. ಅಷ್ಟರಲ್ಲಿ ಸೊಪ್ಪು ಬಾಡುತ್ತದೆ, ಟೊಮೆಟೊ ಕೊಳೆಯುತ್ತದೆ, ಬಾಡಿಗೆ ಕೈತಪ್ಪುತ್ತದೆ.

ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಹೊರಟಿದ್ದರು. ಲೋಡಾಗುವುದು ತಡವಾಯಿತು. ಕೋಟೆಯಲ್ಲಿ ನಿಂತು ಉಂಡರೆ ಅರ್ಧ ಗಂಟೆ ಹೋಗುತ್ತದೆಂದು ಉಣ್ಣದೆ ಎಳೆದರು. ಅಂತರಸಂತೆ ದಾಟಿದ ಮೇಲೆ ಮೈ ಬೆವರತೊಡಗಿತು. ಮಳೆಗಾಲದಲ್ಲಿ ಸೆಕೆ ಯಾಕೆ ಅಂದುಕೊಂಡರಂತೆ. ಮುಂದಿನ ಲಾರಿಯ ಹಿಂದೆ ಬರೆದ ಅಕ್ಷರ ಓದುತ್ತಿದ್ದಾರೆ, ಏನೆಂದು ಅರ್ಥವಾಗುತ್ತಿಲ್ಲ. ಗಾಡಿ ನಿಧಾನಕ್ಕೆ ಎಡಕ್ಕೆ ಸರಿಯುತ್ತಿದ್ದದ್ದನ್ನು ನೋಡಿದ್ದು ಕ್ಲೀನರ್ ಹುಡುಗ. ಅವನು ಹ್ಯಾಂಡ್‌ಬ್ರೇಕ್ ಎಳೆದು, ಇಳಿಸಿ, ತನ್ನ ಹತ್ತಿರವಿದ್ದ ಬಿಸ್ಕತ್ತು ತಿನ್ನಿಸಿ, ಹಿಂದೆ ಬಂದ ಜೀಪಿನವರಿಂದ ಜ್ಯೂಸಿನ ಬಾಟಲಿ ತೆಗೆದುಕೊಂಡು ಕುಡಿಸಿದ. ಅವನ ಅಜ್ಜಿಗೂ ಶುಗರ್ ಇತ್ತಂತೆ, ಅದರಿಂದ ಗೊತ್ತಾಯಿತು.

ಎಡಕ್ಕೆ ಗದ್ದೆ ಇತ್ತು. ಬಲಕ್ಕೆ ಸರಿದಿದ್ದರೆ ಎದುರಿನಿಂದ ಶಾಲೆ ಬಿಟ್ಟ ಮಕ್ಕಳನ್ನು ತುಂಬಿಕೊಂಡ ಆಟೋ ಬರುತ್ತಿತ್ತು. ಇದನ್ನು ಮಾವ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಈ ದೀಪಾವಳಿಯಲ್ಲಿ, ಫೈಲು ಬಿಚ್ಚಿಟ್ಟುಕೊಂಡು ಕೂತಾಗ. ಹೇಳುತ್ತಾ ಆಟೋ ಎಂಬಲ್ಲಿ ಮಾತು ನಿಲ್ಲಿಸಿ ಹೊರಗೆ ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು ಉಳಿದದ್ದನ್ನು ಹೇಳಿದರು.

2021ರ ನನ್ನ 'ಇಲ್ಲ'ಗಳನ್ನು ಆ ರಾತ್ರಿ ಮತ್ತೆ ಓದಿದೆ. ಆಗ ಮಾವ ಮೆಟ್‌ಫಾರ್ಮಿನ್ ಒಂದನ್ನೇ ನುಂಗುತ್ತಿದ್ದರು, ಒಂದು ಸಲವೂ ಲೋ ಆಗಿರಲಿಲ್ಲ. ತಲೆಸುತ್ತು ಉಂಟೇ ಎಂಬುದಕ್ಕೆ 'ಇಲ್ಲ' ಎಂಬ ಉತ್ತರ ಆ ದಿನದ ಮಟ್ಟಿಗೆ ಸುಳ್ಳಾಗಿರಲಿಲ್ಲ. ಜನರಿಗೆ ಅಪಾಯವಾಗುವ ಬೇರೆ ಕಾಯಿಲೆ ಎಂಬುದಕ್ಕೂ ಹಾಗೆ ಹೇಳಬಹುದಿತ್ತೇನೋ. ಆದರೆ ನಾನು ಅದನ್ನೆಲ್ಲ ವಿಚಾರಿಸಿ ಬರೆದಿರಲಿಲ್ಲ. ಲೈಸೆನ್ಸು ಸಿಗಲಿ ಎಂದು ಬರೆದಿದ್ದೆ. ಈ ಸಲ ಅದೇ ಪ್ರಶ್ನೆಗೆ ಅದೇ ಉತ್ತರ ಬರೆದರೆ ಅದು ಸುಳ್ಳು.

*

ಸರ್ಕಾರಿ ಬಸ್ಸಿನ ಡ್ರೈವರಿಗೆ ಇಂಥ ಸ್ಥಿತಿ ಬಂದರೆ? ನನ್ನ ಸಂಶೋಧನೆಯ ಮುಖ್ಯ ಭಾಗ ಅದೇ ಆದ್ದರಿಂದ ಒಂದೆರಡು ಮಾತು ಹೇಳಬಹುದು. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. ಡ್ರೈವರಿಕೆ ಎಂಬುದು ಪಿಂಚಣಿ, ಭತ್ಯೆ, ಡ್ಯೂಟಿಯ ಹೊತ್ತು ಇರುವ ನೌಕರಿಯೂ ಆಗಬಹುದು ಎಂದು ನಮ್ಮ ಕಡೆಯ ಎಷ್ಟೋ ಜನ ಕಂಡದ್ದು ಅದರಿಂದ. ಆನಂದ್ ಬಿಹಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಣ್ಣು ಮಂಜಾಯಿತೆಂದು ರಾಜಸ್ಥಾನದ ಸಾರಿಗೆ ನಿಗಮ ಮನೆಗೆ ಕಳಿಸಿದ ಬಸ್ ಡ್ರೈವರುಗಳ ಪರವಾಗಿ ನಿಂತಿತು. ಆ ಕೆಲಸದಿಂದಲೇ ಕಣ್ಣು ಕೆಡುತ್ತದೆ, ಅವರಿಗೆ ಬೇರೆ ಕೆಲಸ ಕೊಡಿ, ಇಲ್ಲವೇ ಹೆಚ್ಚಿನ ಪರಿಹಾರ ಕೊಡಿ ಎಂಬುದು ಆ ತೀರ್ಪಿನ ಸಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ, ನೌಕರಿಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕಬಾರದು ಅನ್ನುತ್ತದೆ.

ಲಾರಿಯವರಿಗೆ ಇದರಲ್ಲಿ ಯಾವುದೂ ಬರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು ಬರೆದಿತ್ತು. ಅದು ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗೆ. ನಮ್ಮ ಕಡೆ ಒಂದು ಲಾರಿ, ಒಬ್ಬ ಓನರು, ಒಬ್ಬ ಡ್ರೈವರು, ಒಬ್ಬ ಕ್ಲೀನರು. ಎಷ್ಟೋ ಸಲ ಓನರೇ ಡ್ರೈವರು. ಅಂತರಸಂತೆಯ ರಸ್ತೆಯಲ್ಲಿ ಮಾವನಿಗೆ ಬೇಕಾಗಿದ್ದದ್ದು ಕಾನೂನು ಕಾಗದದ ಮೇಲೆ ಕೊಟ್ಟಿದ್ದ ಆ ಅರ್ಧ ಗಂಟೆಯೇ. ಕೋಟೆಯಲ್ಲಿ ನಿಂತು ಒಂದು ಮುದ್ದೆ ಉಂಡು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ.

ಹಾಗಾಗಿ ನಮೂನೆಗೆ ಇನ್ನೊಂದು ಪ್ರಶ್ನೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. 'ಸಕ್ಕರೆ ಕಾಯಿಲೆ ಇದೆಯೇ' ಎಂದು ಸೇರಿಸಿ, 'ಹೌದು' ಅಂದವರನ್ನು ಬಾಗಿಲಿನಿಂದ ಆಚೆ ನಿಲ್ಲಿಸಿದರೆ, ಅಮೆರಿಕದ 1970ನ್ನು ನಾವು ಐವತ್ತು ವರ್ಷ ತಡವಾಗಿ ಮಾಡಿದ ಹಾಗೆ. ಅದರ ಮಾರನೆಯ ದಿನದಿಂದ ಯಾರಿಗೂ ಕಾಯಿಲೆ ಇರುವುದಿಲ್ಲ, ಎಲ್ಲರ ಹಾಳೆಯಲ್ಲೂ 'ಇಲ್ಲ' ಇರುತ್ತದೆ. ಹೇಳಿಕೊಂಡವನ ಲೈಸೆನ್ಸು ಉಳಿಯುತ್ತದೆ ಎಂಬ ಭರವಸೆ ಮೊದಲು ಸಿಗಬೇಕು. ಆಮೇಲೆ ಮೀಟರು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಲೋ ಆದವರಿಗೆ ಕೆಲವು ವಾರದ ವಿರಾಮ. ಆ ವಾರಗಳಲ್ಲಿ ಮನೆ ನಡೆಯುವುದು ಹೇಗೆ ಎಂಬುದಕ್ಕೂ ಉತ್ತರ ಬೇಕು. ಬಸ್ಸಿನ ಡ್ರೈವರುಗಳ ವಿಷಯದಲ್ಲಿ ಕೋರ್ಟು ಹಿಂದೆಯೇ ಈ ಪ್ರಶ್ನೆಯನ್ನು ಎದುರಿಸಿತ್ತು.

*

ದೀಪಾವಳಿ ಮುಗಿದ ಮೇಲೆ ನಾನು ಮೈಸೂರಿಗೆ ವಾಪಸ್ಸು ಬರುವ ಹಿಂದಿನ ದಿನ ಮಾವ ತಮ್ಮ ಟ್ರಿಪ್ ಪುಸ್ತಕ ತೋರಿಸಿದರು. ಮೂವತ್ತು ವರ್ಷದಿಂದ ಇಂಥ ಪುಸ್ತಕ ಇಟ್ಟವರು. ಎಡಗಡೆ ಊರು, ಲೋಡು, ಬಾಡಿಗೆ. ಬಲಗಡೆ ಡೀಸೆಲ್, ಟೋಲು, ಕ್ಲೀನರ್ ಬತ್ತೆ. ಅಂತರಸಂತೆಯ ಆ ದಿನದ ನಂತರದ ಪುಟಗಳಲ್ಲಿ ಅಂಚಿಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಬೇರೆ ಅಂಕಿಗಳಿದ್ದವು. 142. 118. 96. ಮತ್ತೆ 131. ಒಂದು ಮೀಟರು ಕೊಂಡು ಸೀಟಿನ ಕೆಳಗೆ ಇಟ್ಟುಕೊಂಡಿದ್ದಾರೆ. ಕಾಡಿನ ದಾರಿಯ ಬಾಡಿಗೆ ಬಿಟ್ಟಿದ್ದಾರೆ. ಹಗಲಲ್ಲಿ ಹೋಗಿ ಹಗಲಲ್ಲಿ ಬರುವ ಟ್ರಿಪ್ಪು ಮಾತ್ರ. ಹೊರಡುವ ಮುನ್ನ ಒಮ್ಮೆ, ಚಹಾಕ್ಕೆ ನಿಂತಾಗ ಒಮ್ಮೆ ನೋಡಿಕೊಳ್ಳುತ್ತಾರೆ. ಡ್ಯಾಶ್‌ಬೋರ್ಡಿನ ಮೇಲೆ ಡಬ್ಬಿಯಲ್ಲಿ ಬೆಲ್ಲ. ಅಮೆರಿಕದ ನಿಯಮದ ಬಗ್ಗೆ ಅವರಿಗೇನೂ ಗೊತ್ತಿಲ್ಲ.

"ಇದ್ನ ಆಫೀಸಲ್ಲಿ ತೋರುಸ್ಬೌದಾ?" ಎಂದು ಕೇಳಿದೆ.

"ತೋರುಸುದ್ರೆ ಕೊಡ್ತಾರಾ?" ಅಂದರು.

ಕೊಡಬಾರದು ಎಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ ಮಾವ, ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು, 30 ದಿನದೊಳಗೆ ಮೇಲ್ಮನವಿ ಹಾಕಬಹುದು ಎಂದೆ. 17ನೇ ಸೆಕ್ಷನ್ ಎಂದೂ ಹೇಳಿದೆ. ಅವರು ನನ್ನನ್ನು ಒಂದು ಸಲ ನೋಡಿ, "ನೀನು ಓದಿರೋಳು, ಸೆಕ್ಷನ್ ಹೇಳ್ತೀಯ. ನಂಗೆ ಗಾಡಿ ಇ.ಎಂ.ಐ. ಇನ್ನೂ ಹದಿನಾಲ್ಕು ಕಂತು ಅದೆ ಕನ ಮಗ" ಅಂದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಕೊನೆಗೆ ಹೀಗೆ ಮಾತಾಯಿತು. ಮೊದಲು ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರವೇ ಹೋಗುವುದು, ಬ್ರೋಕರ್ ಬೇಡ. ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡಿಸುವುದು. ಮೂರು ತಿಂಗಳ ಅಂಕಿಗಳನ್ನು ನಾನು ಬೇರೆ ಹಾಳೆಗೆ ಚೊಕ್ಕವಾಗಿ ಎತ್ತಿ ಬರೆಯುವುದು. ಗಾಡಿ ಓಡಿಸಬಹುದೇ, ಯಾವ ಎಚ್ಚರಿಕೆಯಲ್ಲಿ ಎಂದು ಡಾಕ್ಟರು ಪತ್ರ ಕೊಟ್ಟರೆ ಅರ್ಜಿಗೆ ಲಗತ್ತಿಸುವುದು. ಓಡಿಸಬಾರದು ಎಂದು ಅವರು ಹೇಳಿದರೆ? ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಆದರೆ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಎತ್ತಿದರು. "ಬ್ಯಾಡ ಅಂದ್ರೆ ಬ್ಯಾಡ. ಗಾಡಿ ಮಾರುದ್ರಾಯ್ತು. ಇಳೀರಿ" ಅಂದರು.

ಫೆಬ್ರವರಿಯಲ್ಲಿ ಲೈಸೆನ್ಸಿನ ಅವಧಿ ಮುಗಿಯುತ್ತದೆ. ಹುಣಸೂರಿನ ಆರ್‌ಟಿಒ ಆಫೀಸಿಗೆ ನಾನೂ ಜೊತೆಗೆ ಹೋಗುತ್ತೇನೆ. ನಮೂನೆ 1ರ ಕೊನೆಯ ಪ್ರಶ್ನೆಯಲ್ಲಿ 'ಇದ್ದರೆ ವಿವರ ಕೊಡಿ' ಎಂಬುದರ ಮುಂದೆ ಇರುವ ಜಾಗ ಸಣ್ಣದು. ಒಂದು ಸಾಲು ಹಿಡಿದರೆ ಹೆಚ್ಚು. ಏನು ಬರೆಯಬೇಕೆಂದು ನೋಟ್‌ಬುಕ್ಕಿನಲ್ಲಿ ಐದಾರು ಸಲ ಬರೆದು ಹೊಡೆದುಹಾಕಿದ್ದೇನೆ. ಈ ಸಲ ಆ ಸಾಲನ್ನು ನನ್ನ ಅಕ್ಷರದಲ್ಲಿ ಬೇಡ, ತಮ್ಮ ಅಕ್ಷರದಲ್ಲೇ ಬರೆಯುತ್ತೇನೆ ಎಂದು ಮಾವ ಮೊನ್ನೆ ಫೋನಿನಲ್ಲಿ ಹೇಳಿದರು.